ಮೀನು ಸುಮ್ಮನೆ ಸಾಯುವುದಿಲ್ಲ, ಸ್ವಾಮೀ!

"ಎಂತ ಆಯ್ತೋ ಗೊತ್ತಿಲ್ಲ, ಹೊಸ ಟ್ಯಾಂಕಿಗೆ ಹಾಕಿದ್ದೇ ಹಾಕಿದ್ದು, ಒಂದೊಂದೇ ಸತ್ತುಹೋದವು."

ಈ ಮಾತನ್ನು ನಮ್ಮ ಮುಲುಂಡಿನ ಬಿಲ್ಡಿಂಗಿನಲ್ಲಿಯೇ ನಾನು ನಾಲ್ಕು ಮನೆಯವರ ಬಾಯಲ್ಲಿ ಕೇಳಿದ್ದೇನೆ. ಐದನೆಯವನು ನಾನೇ. ಅದಕ್ಕೇ ಈ ಸಿಟ್ಟು. "ಗೊತ್ತಿಲ್ಲ" ಅನ್ನುವುದು ಸುಳ್ಳು. ಗೊತ್ತು ಮಾಡಿಕೊಳ್ಳಲಿಲ್ಲ ಅನ್ನುವುದು ನಿಜ.

ನಮ್ಮಲ್ಲಿ ಎಂಟು ವರ್ಷದಿಂದ ಎರಡಡಿ ಉದ್ದದ ಟ್ಯಾಂಕ್ ಇತ್ತು. ಹೆಚ್ಚೆಂದರೆ ಐವತ್ತೈದು ಲೀಟರ್ ನೀರು. ಅದರಲ್ಲಿ ಒಂಬತ್ತು ಮೀನು: ಎರಡು ಏಂಜೆಲ್, ಒಂದು ಗೌರಾಮಿ, ಐದು ಮೋಲಿ, ಗಾಜಿಗೆ ಅಂಟಿಕೊಂಡೇ ಇರುವ ಒಂದು ಸಕ್ಕರ್. ಏಂಜೆಲ್ ಜೋಡಿಯನ್ನು ತಂದದ್ದು ಮಗಳು, ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವ ಹಿಂದಿನ ವಾರ. ಅದಾಗಿ ಆರು ವರ್ಷ. ಪ್ರತಿ ಭಾನುವಾರ ಫೋನಿನಲ್ಲಿ ನಮ್ಮ ಬಿಪಿ, ಶುಗರ್ ಎಲ್ಲ ವಿಚಾರಿಸಿ ಆದಮೇಲೆ "ಏಂಜೆಲ್ ಹೇಗುಂಟಪ್ಪ?" ಅಂತ ಕೇಳದೆ ಇಡುವವಳಲ್ಲ.

ಮಗನಿಗೆ ಪ್ರಮೋಷನ್ ಆಯಿತು ಅಂತ ಮೂರಡಿಯ ಟ್ಯಾಂಕ್ ಕೊಡಿಸಿದ. ನೂರೈವತ್ತು ಲೀಟರಿಗೂ ಮೇಲೆ ನೀರು ಹಿಡಿಯುತ್ತದೆ. ಅಂಗಡಿಯವನು ಟ್ಯಾಂಕನ್ನು ತಂದು ಕೂರಿಸಿ ಹಳೆಯದನ್ನು ನೋಡಿ ಮುಖ ಕಿವುಚಿದ. "ಯೇ ಸಬ್ ಗಂದಾ ಹೈ ಅಂಕಲ್, ಫೇಂಕ್ ದೋ." ಹಳೆಯ ಕಲ್ಲು, ಪಾಚಿ ಹಿಡಿದ ಫಿಲ್ಟರ್, ಅದರೊಳಗಿನ ಕಂದುಬಣ್ಣದ ಸ್ಪಂಜು, ಎಲ್ಲ ಕಸದ ಗಾಡಿಗೆ ಹೋಯಿತು. ಹೊಸ ಫಿಲ್ಟರ್, ನೀಲಿ ಬಣ್ಣದ ಕಲ್ಲು, ಕ್ಲೋರಿನ್ ತೆಗೆಯುವ ಹನಿ. "ಟ್ಯಾಂಕ್ ದೊಡ್ಡದಾಯಿತಲ್ಲ" ಅಂತ ಅದೇ ದಿನ ಇನ್ನೂ ಆರು ಮೀನು. ನಾನೂ ದುಡ್ಡು ಕೊಟ್ಟೆ. ನೋಡಲು ಫಳಫಳ ಹೊಳೆಯುತ್ತಿತ್ತು.

ಅದು ಭಾನುವಾರ. ಮಂಗಳವಾರ ನೀರು ಅಕ್ಕಿ ತೊಳೆದ ಹಾಗೆ ಬೆಳ್ಳಗಾಯಿತು. ಬುಧವಾರ ಗೌರಾಮಿ ಮೇಲೆ ಬಂದು ಬಾಯಿ ಬಿಡುತ್ತಾ ಸತ್ತಿತು. ಗುರುವಾರ ಒಂದು ಏಂಜೆಲ್. ಅಂಗಡಿಗೆ ಓಡಿದೆ. "ಪಾನಿ ಪೂರಾ ಬದಲ್ ಡಾಲೋ" ಅಂದ, ಮೇಲಿಂದ ಒಂದು ನೀಲಿ ಔಷಧಿ ಕೊಟ್ಟ. ಶುಕ್ರವಾರ ಅದೂ ಆಯಿತು, ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದದ್ದೂ ಆಯಿತು. ಎರಡು ದಿನ ಯಾವುದೂ ಸಾಯಲಿಲ್ಲ. "ನೋಡು, ಔಷಧಿ ಕೆಲಸ ಮಾಡಿತು!" ಅಂತ ಹೆಂಡತಿಯ ಹತ್ತಿರ ಬೀಗಿದೆ. ಹೋಗಿ ಇನ್ನೂ ನಾಲ್ಕು ಮೀನು ತಂದೆ. ಸೋಮವಾರದಿಂದ ಮತ್ತೆ ಶುರು. ಎರಡನೇ ವಾರ ಮುಗಿಯುವಾಗ ಹತ್ತೊಂಬತ್ತರಲ್ಲಿ ಉಳಿದದ್ದು ಐದು. ಎರಡನೆಯ ಏಂಜೆಲ್ ಆ ಐದರಲ್ಲಿ ಇರಲಿಲ್ಲ.

ಆಮೇಲೆ ಸಮಾಧಾನ ಹೇಳುವವರ ಸರದಿ. ಒಬ್ಬರು ದೃಷ್ಟಿ ಅಂದರು. ಇನ್ನೊಬ್ಬರು ಟ್ಯಾಂಕಿನ ದಿಕ್ಕು ಸರಿ ಇಲ್ಲ ಅಂದರು. ಮೂರನೆಯವರದ್ದು ಎಲ್ಲಕ್ಕಿಂತ ಜಾಣ ಮಾತು: "ಮನೆಗೆ ಬರಬೇಕಾದ ಗಂಡಾಂತರವನ್ನು ಮೀನು ತನ್ನ ಮೇಲೆ ತಗೊಂಡಿತು, ಒಳ್ಳೆಯದೇ ಆಯಿತು." ಕೊಂದವನು ನಾನು, ಪುಣ್ಯ ಕಟ್ಟಿಕೊಂಡವನೂ ನಾನು! ಇಷ್ಟು ಅನುಕೂಲದ ನಂಬಿಕೆ ಬೇರೆ ಯಾವುದುಂಟು ಹೇಳಿ?

ಈಗ ನಿಜ ಕೇಳಿ. ಇದು ಯಾವ ರಹಸ್ಯವೂ ಅಲ್ಲ. ಮೀನು ಉಸಿರಾಡುವ ಕಿವಿರಿನಿಂದಲೇ ಅಮೋನಿಯಾವನ್ನು ಹೊರಗೆ ಬಿಡುತ್ತದೆ. ತಿಂದು ಉಳಿದ ಆಹಾರ, ಹೇಲು ಕೊಳೆತರೂ ಅದೇ. ಹೊಳೆಯಲ್ಲಾದರೆ ಹರಿದು ಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಅದನ್ನು ತಿನ್ನುವ ಬ್ಯಾಕ್ಟೀರಿಯಾ ಉಂಟು. ಒಂದು ಬಗೆಯದು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ, ರಕ್ತ ಆಮ್ಲಜನಕ ಹೊರದ ಹಾಗೆ ಮಾಡುತ್ತದೆ. ಇನ್ನೊಂದು ಬಗೆಯದು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಅಷ್ಟು ಅಪಾಯದ್ದಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದರೆ ಹೋಯಿತು. ಈ ಎರಡೂ ಪಡೆ ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅವು ಇರುವುದು ನೀರಿನಲ್ಲಲ್ಲ, ಕಲ್ಲಿನ ಮೇಲೆ, ಗಾಜಿನ ಮೇಲೆ, ಎಲ್ಲಕ್ಕಿಂತ ಹೆಚ್ಚು ಆ ಕಂದು ಸ್ಪಂಜಿನ ಲೋಳೆಯಲ್ಲಿ.

ಅಂದರೆ ಅಂಗಡಿಯವನು ಗಂದಾ ಅಂದದ್ದೇ ನನ್ನ ಮೀನುಗಳ ಪ್ರಾಣವಾಗಿತ್ತು. ಎಂಟು ವರ್ಷದ ಪ್ರಾಣವನ್ನು ನಾನೇ ಕಸದ ಗಾಡಿಗೆ ಹಾಕಿ ಕೈ ತೊಳೆದುಕೊಂಡೆ.

ಇದು ನಮಗೆ ಅರ್ಥವಾಗದ ವಿಷಯವೇ? ನಮ್ಮ ಅಮ್ಮಂದಿರು ಮೊಸರು ಮಾಡುವುದು ಹೇಗೆ? ಹಳೆಯ ಮೊಸರನ್ನು ಒಂದು ಚಮಚ ತೆಗೆದಿಟ್ಟು ಹಾಲಿಗೆ ಹೆಪ್ಪು ಹಾಕುತ್ತಾರೆ. ಪಾತ್ರೆ ಎಷ್ಟೇ ಹೊಸದಾಗಿರಲಿ, ದೊಡ್ಡದಾಗಿರಲಿ, ಹೆಪ್ಪಿಲ್ಲದೆ ಮೊಸರಾಗುತ್ತದೆಯೇ? ಹೊಸ ಟ್ಯಾಂಕಿಗೂ ಹೆಪ್ಪು ಬೇಕು ಸ್ವಾಮೀ. ಹಳೆಯ ಸ್ಪಂಜೇ ಆ ಹೆಪ್ಪು.

ಇನ್ನು "ಎರಡು ದಿನ ಸಾಯಲಿಲ್ಲ" ಅಂತ ಬೀಗಿದೆನಲ್ಲ, ಅದರ ಕಥೆ. ಉಳಿಸಿದ್ದು ಔಷಧಿಯಲ್ಲ, ಹೊಸ ನೀರು. ಅಮೋನಿಯಾ ತಾತ್ಕಾಲಿಕವಾಗಿ ಕಡಿಮೆಯಾಯಿತು, ಅಷ್ಟೇ. ಆ ಬಗೆಯ ನೀಲಿ ಔಷಧಿ, ಅಂದರೆ ಮಿಥಿಲೀನ್ ಬ್ಲೂ, ಆಗ ತಾನೇ ಕಣ್ಣು ಬಿಡುತ್ತಿದ್ದ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡುತ್ತದೆ. ನಾನು ನಲ್ಲಿ ನೀರಿನಲ್ಲಿ ಸ್ಪಂಜು ತೊಳೆದದ್ದು ಇನ್ನೊಂದು ಪೆಟ್ಟು. ಕುಡಿಯುವ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅನ್ನುತ್ತದೆ ನಮ್ಮ ದೇಶದ ಮಾನದಂಡ. ಕ್ಲೋರಿನ್ ಹಾಕುವುದೇ ಬ್ಯಾಕ್ಟೀರಿಯಾ ಕೊಲ್ಲಲು!

ಮೀನು ಸತ್ತಾಗ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ದಿನಕ್ಕೆ ಸತ್ತಿತು? ಕೆಲವೇ ಗಂಟೆಗಳಲ್ಲಿ ಸತ್ತರೆ ಕ್ಲೋರಿನ್ ಅಥವಾ ನೀರಿನ ಬಿಸಿ-ತಂಪಿನ ವ್ಯತ್ಯಾಸದ ಮೇಲೆ ಅನುಮಾನ ಪಡಿ. ಮೂರನೇ ದಿನದಿಂದ ಒಂದೊಂದಾಗಿ ಸತ್ತರೆ ಅಮೋನಿಯಾ. ಎರಡು ಮೂರು ವಾರ ಕಳೆದು ಮತ್ತೆ ಶುರುವಾದರೆ ನೈಟ್ರೈಟ್. ಅನುಮಾನ ಸಾಲದು ಅಂದರೆ ನೀರಿಗೆ ನಾಲ್ಕು ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಸಿಗುತ್ತದೆ. ನಾನು ಹದಿನಾಲ್ಕು ಮೀನು ಸತ್ತ ಮೇಲೆ ತರಿಸಿದೆ. ಹಳದಿ ಇರಬೇಕಾದ ನೀರು ಕಡು ಹಸಿರಾಯಿತು. ಆ ಪುಟ್ಟ ಗಾಜಿನ ನಳಿಕೆ ಹಿಡಿದುಕೊಂಡು ಅಡುಗೆಮನೆಯಲ್ಲಿ ನಿಂತಾಗ ಆದ ನಾಚಿಕೆ ಹೇಳಲಾರೆ.

ಹೆಂಡತಿಯೇ ದಾರಿ ಹೇಳಿದ್ದು. "ಅಲ್ಲ ಮಾರಾಯ್ರೇ, ಹೆಪ್ಪು ಬೇಕಾದರೆ ಪಕ್ಕದ ಮನೆಯಿಂದ ತರುವುದಿಲ್ಲವಾ?" ಮೇಲಿನ ಮಹಡಿಯವರ ಹಳೆಯ, ರೋಗವಿಲ್ಲದ ಟ್ಯಾಂಕಿನಿಂದ ಅರ್ಧ ಸ್ಪಂಜು, ಒಂದು ಹಿಡಿ ಕಲ್ಲು ತಂದೆವು, ಒದ್ದೆ ಆರದ ಹಾಗೆ, ಅದೇ ಟ್ಯಾಂಕಿನ ನೀರಿನಲ್ಲಿ. ದಿನಾ ಕಾಲುಭಾಗ ನೀರು ಬದಲಿಸಿದೆವು, ಕ್ಲೋರಿನ್ ತೆಗೆದೇ. ಆಹಾರ ಎರಡು ದಿನಕ್ಕೊಮ್ಮೆ ಚಿಟಿಕೆ. ಗಾಳಿಯ ಪಂಪು ಹಗಲು ರಾತ್ರಿ. ಐದೂ ಉಳಿದವು.

ಊರಿನ ಬಾವಿಯಲ್ಲಿ ಫಿಲ್ಟರ್ ಇಲ್ಲದೆಯೇ ಮೀನು ಬದುಕುತ್ತಿರಲಿಲ್ಲವೇ ಅನ್ನುವವರಿದ್ದಾರೆ. ಇತ್ತು. ಸಾವಿರಾರು ಲೀಟರ್ ನೀರಿಗೆ ನಾಲ್ಕು ಮೀನು, ಸುತ್ತಲೂ ವರ್ಷಗಟ್ಟಲೆ ಪಾಚಿ ಹಿಡಿದ ಕಲ್ಲಿನ ಗೋಡೆ. ಬಾವಿಯೇ ಫಿಲ್ಟರ್.

"ಬಂಗುಡೆ ಪುಳಿಮುಂಚಿ ಚಪ್ಪರಿಸುವವ ಏಂಜೆಲಿಗೆ ಅಳುತ್ತಾನೆ" ಅಂತ ನಗುವವರೂ ಇದ್ದಾರೆ. ನಗಲಿ. ತಿನ್ನಲು ತಂದದ್ದು ಬೇರೆ. ಸಾಕುತ್ತೇನೆ ಅಂತ ಮನೆಯೊಳಗೆ ತಂದು, ತನ್ನದೇ ವಿಷದಲ್ಲಿ ಉಸಿರುಕಟ್ಟಿ ದಿನಗಟ್ಟಲೆ ನರಳಿಸುವುದು ಬೇರೆ.

ಅಂಗಡಿಯವರ ಮೇಲೆ ನನ್ನ ತಕರಾರು ಇದೇ. ಟ್ಯಾಂಕ್ ಮತ್ತು ಮೀನು ಒಂದೇ ದಿನ ಮಾರಬೇಡಿ. ಮಾರಿದರೆ ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಕೊಡಿ. ಸತ್ತಷ್ಟೂ ಹೊಸ ಮೀನು ಹೋಗುತ್ತದೆ, ಔಷಧಿ ಹೋಗುತ್ತದೆ, ಅದಕ್ಕೇ ಅಲ್ಲವೇ ಬಾಯಿ ಬಿಡದಿರುವುದು? ಆದರೆ ಅವನೊಬ್ಬನನ್ನೇ ಬೈದು ಕುಳಿತರೆ ಅದೂ ದೃಷ್ಟಿಯ ಮೇಲೆ ಹಾಕಿದ ಹಾಗೆಯೇ. ಐನೂರು ರೂಪಾಯಿಯ ಮೊಬೈಲ್ ಕವರಿಗೆ ಹತ್ತು ರಿವ್ಯೂ ಓದುವ ನಾನು, ಜೀವ ತರುವಾಗ ಒಂದು ಪುಟ ಓದಲಿಲ್ಲ.

ನಾನು 1986ರಲ್ಲಿ ಈ ಊರಿಗೆ ಬಂದಾಗ ಮಾತುಂಗದ ಒಂದು ಖೋಲಿಯಲ್ಲಿ ನಮ್ಮ ಕಡೆಯ ಏಳು ಜನ ಮೊದಲೇ ಇದ್ದರು. ಎಲ್ಲಿ ಊಟ, ಯಾವ ಲೋಕಲ್, ಯಾರನ್ನು ನಂಬಬಾರದು, ಎಲ್ಲ ಅವರೇ ಕಲಿಸಿದರು. ಅವರಿಲ್ಲದಿದ್ದರೆ ಮೂರನೇ ದಿನ ನಾನೂ ಮೇಲೆ ಬಂದು ಬಾಯಿ ಬಿಡುತ್ತಿದ್ದೆ. ಹೀಗೆ ಬದುಕಿದವನೇ ಆ ಕಂದು ಸ್ಪಂಜನ್ನು ಎಸೆದದ್ದು.

ಮಗಳಿಗೆ ಮೂರು ಭಾನುವಾರ "ಚೆನ್ನಾಗುಂಟು" ಅಂತ ಸುಳ್ಳು ಹೇಳಿದೆ. ನಾಲ್ಕನೇ ಭಾನುವಾರ ಹೇಳಿಬಿಟ್ಟೆ. "ಹೇಗಪ್ಪ ಸತ್ತಿತು?" ಅಂದಳು. "ಗೊತ್ತಿಲ್ಲ" ಅನ್ನಲು ಬಾಯಿ ಬರಲಿಲ್ಲ. "ನಾನೇ ಕೊಂದೆ ಮಗಾ" ಅಂದೆ.

ನಿಮ್ಮ ಮನೆಗೂ ಹೊಸ ಟ್ಯಾಂಕ್ ಬರುವುದಿದ್ದರೆ ಹಳೆಯ ಸ್ಪಂಜನ್ನು ಎಸೆಯಬೇಡಿ. ಇಷ್ಟೇ ನನ್ನ ಬೇಡಿಕೆ.