ನಡುಗಂಬವಿಲ್ಲದ ಚಾವಣಿ

ಮೇಜಿನ ಮೇಲೆ ಮೂರು ಲೋಟಗಳು ತ್ರಿಕೋನದ ಮೂರು ಮೂಲೆಗಳಲ್ಲಿವೆ. ಮೂರು ಅಡಿಪಟ್ಟಿಗಳೂ ಇವೆ; ಆದರೆ ಯಾವುದೊಂದೂ ಈ ಲೋಟದಿಂದ ಆ ಲೋಟವನ್ನು ಮುಟ್ಟುವಷ್ಟು ಉದ್ದವಿಲ್ಲ. ಅಂಟು, ದಾರ, ಮೊಳೆಗಳ ನೆರವಿಲ್ಲದೆ ಈ ಪಟ್ಟಿಗಳಿಂದಲೇ ಮೂರು ಲೋಟಗಳನ್ನೂ ಕೂಡಿಸಿ, ನಟ್ಟನಡುವೆ ನೀರು ತುಂಬಿದ ನಾಲ್ಕನೆಯ ಲೋಟವನ್ನು ನಿಲ್ಲಿಸಬೇಕು. ಇದು ಹಳೆಯ ಒಗಟು. ಪ್ರತಿಯೊಂದು ಪಟ್ಟಿಯ ಒಂದು ತುದಿ ತನ್ನ ಲೋಟದ ಮೇಲೆ, ಮತ್ತೊಂದು ತುದಿ ಪಕ್ಕದ ಪಟ್ಟಿಯ ಬೆನ್ನ ಮೇಲೆ. ಮೊದಲನೆಯದು ಎರಡನೆಯದರ ಮೇಲೆ, ಎರಡನೆಯದು ಮೂರನೆಯದರ ಮೇಲೆ, ಮೂರನೆಯದು ಮತ್ತೆ ಮೊದಲನೆಯದರ ಮೇಲೆ. ಇವುಗಳಲ್ಲಿ ಹೊರುವುದು ಯಾವುದು, ಹೊರೆಯಾದದ್ದು ಯಾವುದು ಎಂದು ಕೇಳಿದರೆ ಉತ್ತರವಿಲ್ಲ.

ಕಟ್ಟಡಗಳಲ್ಲಿ ಸಾಮಾನ್ಯವಾಗಿ ಈ ಪ್ರಶ್ನೆಗೆ ನೇರವಾದ ಉತ್ತರವಿರುತ್ತದೆ. ಬೇಲೂರು, ಹಳೇಬೀಡುಗಳ ಹೊಯ್ಸಳ ಗುಡಿಗಳ ಭುವನೇಶ್ವರಿಗಳನ್ನು ತಲೆಯೆತ್ತಿ ನೋಡಿದವರಿಗೆ ಇದು ತಿಳಿದೀತು. ಅಲ್ಲಿಯೂ ಗಿಡ್ಡ ಕಲ್ಲುಗಳೇ ಅಗಲವಾದ ಅಂಕಣವನ್ನು ಮುಚ್ಚಿವೆ. ಮೂಲೆಗಳಿಗೆ ಅಡ್ಡಲಾಗಿ ಕಲ್ಲುಗಳನ್ನಿರಿಸಿ, ವರಸೆಯಿಂದ ವರಸೆಗೆ ಕಿಂಡಿಯನ್ನು ಕಿರಿದು ಮಾಡುತ್ತ ಹೋಗಿ, ಕಡೆಗೆ ಒಂದು ಚಪ್ಪಡಿಯಿಂದ ಮುಗಿಸುವುದು ಆ ಶಿಲ್ಪಿಗಳ ಕ್ರಮ. ಕೆಳಗಿನದು ಮೇಲಿನದನ್ನು ಹೊರುತ್ತದೆ. ಭಾರ ಒಂದೇ ಹಾದಿಯಲ್ಲಿ ಇಳಿಯುತ್ತದೆ. ಪರಸ್ಪರಾಧಾರದ ಚೌಕಟ್ಟಿನಲ್ಲಾದರೋ ಭಾರವು ಸುತ್ತು ಹಾಕಿಕೊಂಡೇ ಗೋಡೆಯನ್ನು ಸೇರಬೇಕು.

ಇದನ್ನು ಬರಿಯ ಚಮತ್ಕಾರವೆಂದು ತಳ್ಳಿಹಾಕುವುದು ಸರಿಯಲ್ಲ. ಮರ ಎಷ್ಟು ಉದ್ದವೋ ಕೋಣೆಯೂ ಅಷ್ಟೇ ಅಗಲ ಎಂಬ ನಿರ್ಬಂಧ ಬಡಗಿಗೆ ಹಿಂದಿನಿಂದಲೂ ಇತ್ತು. ಹದಿಮೂರನೆಯ ಶತಮಾನದ ಫ್ರಾನ್ಸಿನ ವಿಲಾರ್ ದ ಒನೆಕೂರ್ ಎಂಬಾತನ ಚಿತ್ರಪುಸ್ತಕದಲ್ಲಿ, ಉದ್ದ ಸಾಲದ ಮರಗಳಿಂದ ಅಟ್ಟ ಕಟ್ಟುವ ಬಗೆಯನ್ನು ತೋರಿಸುವ ಒಂದು ಪುಟ್ಟ ರೇಖಾಚಿತ್ರವಿದೆ. ಲಿಯೊನಾರ್ಡೊ ಡ ವಿಂಚಿಯ ಟಿಪ್ಪಣಿಗಳಲ್ಲಿಯೂ ಇಂಥ ಹೆಣಿಗೆಗಳು ಹಲವಿವೆ. ಚಿತ್ರ ಬರೆಯುವುದರಲ್ಲಿ ನಿಲ್ಲದೆ, ಪ್ರತಿಯೊಂದು ಸಂದಿನಲ್ಲಿ ಬೀಳುವ ಭಾರವೆಷ್ಟೆಂದು ಸಮೀಕರಣಗಳನ್ನು ಹೂಡಿ ಬಿಡಿಸಿದವನು ಹದಿನೇಳನೆಯ ಶತಮಾನದ ಆಕ್ಸ್‌ಫರ್ಡಿನ ಗಣಿತಜ್ಞ ಜಾನ್ ವಾಲಿಸ್. ಕುತೂಹಲವನ್ನು ವಿದ್ಯೆಯನ್ನಾಗಿ ಮಾಡಿದ ಕೀರ್ತಿ ಹೆಚ್ಚಾಗಿ ಅವನಿಗೆ ಸಲ್ಲಬೇಕು.

ಆ ಲೆಕ್ಕದ ಸಾರವನ್ನು ಮೂರು ತೊಲೆಗಳಲ್ಲಿಯೇ ಕಾಣಬಹುದು. ತನ್ನ ಪಾಲಿನ ಚಾವಣಿಯೂ ಸೇರಿ ಪ್ರತಿಯೊಂದು ತೊಲೆಯ ತೂಕ 100 ಕಿಲೋಗ್ರಾಂ ಎಂದೂ, ಅದು ಉದ್ದಕ್ಕೂ ಸಮನಾಗಿ ಹಂಚಿದೆ ಎಂದೂ ಇಟ್ಟುಕೊಳ್ಳಬಹುದು. ಒಂದರ ಒಳತುದಿ ಮುಂದಿನದರ ಸರಿಮಧ್ಯದಲ್ಲಿ ಕುಳಿತರೆ ಸಂದಿನ ಮೇಲೆ ಬೀಳುವ ಭಾರ 100 ಕಿಲೋಗ್ರಾಂ. ಗೋಡೆಯಿಂದ ಮುಕ್ಕಾಲು ದೂರದಲ್ಲಿ ಕುಳಿತರೆ 200. ಹತ್ತರಲ್ಲಿ ಒಂಬತ್ತು ಪಾಲು ದೂರದಲ್ಲಿ ಕುಳಿತರೆ 500. ಆದರೆ ಗೋಡೆಯ ಮೇಲೆ ಪ್ರತಿಯೊಂದು ತೊಲೆಯಿಂದ ಬೀಳುವುದು ಯಾವಾಗಲೂ ಆ 100 ಮಾತ್ರ. ಹೊರಗೆ ಏನೂ ಹೆಚ್ಚದೆ ಒಳಗೆ ಹೊರೆ ಐದು ಪಟ್ಟಾಗುವುದು ಸೋಜಿಗವೇ ಸರಿ. ನಡುವೆ ಉಳಿಯುವ ತ್ರಿಕೋನದ ಕಿಂಡಿ ಈ ಮೂರು ಸಂದರ್ಭಗಳಲ್ಲಿ ಕ್ರಮವಾಗಿ ಕಿರಿದಾಗುತ್ತದೆ. ಆ ಕಿಂಡಿ ಕಟ್ಟುವವನ ಕೊರತೆಯೆಂದು ಭಾವಿಸಿ ಅದನ್ನು ಮುಚ್ಚಹೊರಟವನು ಸಂದುಗಳನ್ನು ಹಿಂಡುತ್ತಾನೆ.

ಈ ಚೌಕಟ್ಟು ಮಿತವ್ಯಯದ್ದೆಂಬ ಹೊಗಳಿಕೆಯನ್ನೂ ಅರ್ಧವೇ ಒಪ್ಪಬೇಕು. ಸಂದು ಸರಿಮಧ್ಯದಲ್ಲಿರುವಾಗ ಪ್ರತಿಯೊಂದು ತೊಲೆಯನ್ನು ಬಾಗಿಸುವ ಒತ್ತಡವು, ಅದೇ ತೊಲೆ ಅದೇ ಭಾರದೊಡನೆ ಎರಡು ಗೋಡೆಗಳ ಮೇಲೆ ನೇರವಾಗಿ ಮಲಗಿದ್ದರೆ ಬೀಳುತ್ತಿದ್ದುದರ ಮೂರು ಪಟ್ಟು. ಆದುದರಿಂದ ಗಿಡ್ಡ ತೊಲೆ ಸಾಕು, ತೆಳ್ಳನೆಯ ತೊಲೆ ಸಾಲದು. ಸಂದು ಜಾರದಂತೆ ಕಚ್ಚು ಕಡಿಯುವ ಬಡಗಿ, ಒತ್ತಡ ಹೆಚ್ಚಾದ ಸ್ಥಳದಲ್ಲಿಯೇ ಮರವನ್ನು ಕೊರೆದು ಸಣ್ಣದು ಮಾಡುತ್ತಿರುತ್ತಾನೆಂಬುದನ್ನೂ ಮರೆಯುವಂತಿಲ್ಲ.

ಸಹಕಾರದ ಮಹಿಮೆಗೆ ಇದಕ್ಕಿಂತ ಒಳ್ಳೆಯ ಉಪಮೆ ಭಾಷಣಕಾರರಿಗೆ ಸಿಕ್ಕಲಾರದು. ಬಳಸಲಿ, ಆಕ್ಷೇಪವಿಲ್ಲ, ಆದರೆ ಉಪಮೆಯನ್ನು ಪೂರ್ತಿ ಹೇಳಬೇಕು. ಸಾಧಾರಣ ಚಾವಣಿಯಲ್ಲಿ ಒಂದು ಜಂತೆ ಮುರಿದರೆ ಅಲ್ಲಷ್ಟೇ ಹೆಂಚು ಕುಸಿಯುತ್ತದೆ. ಇಲ್ಲಿ ಒಂದು ತೊಲೆ ಸೋತರೆ ಅದನ್ನು ನಂಬಿದ್ದು ಬೀಳುತ್ತದೆ, ಅದನ್ನು ನಂಬಿದ್ದು ಅದರ ಹಿಂದೆ. ಕಟ್ಟುವಾಗಲೂ ಇದೇ ಕಥೆ. ಮೊದಲ ತೊಲೆಗೆ ಆಸರೆಯಾಗಬೇಕಾದುದು ಕೊನೆಯ ತೊಲೆ. ಅದು ಬರುವವರೆಗೆ ನಡುವೆ ಒಂದು ಊರೆಗಂಬವನ್ನು ಕೊಟ್ಟಿರಲೇಬೇಕು. ಇಂಗ್ಲೆಂಡಿನ ಗ್ರಹಾಂ ಬ್ರೌನ್ 1980ರ ದಶಕದಲ್ಲಿ ದುಂಡು ಮನೆಗಳಿಗೆ ಈ ಬಗೆಯ ಚಾವಣಿಗಳನ್ನು ಬಳಕೆಗೆ ತಂದಾಗ ಅನುಸರಿಸಿದ್ದು ಇದೇ ವಿಧಾನ. ಕೊನೆಯ ತೊಲೆಯನ್ನು ಮೊದಲನೆಯದರ ಅಡಿಗೆ ಸೇರಿಸಿ ಊರೆಯನ್ನು ಮೆಲ್ಲನೆ ತೆಗೆದಾಗ, ತೊಲೆಗಳೆಲ್ಲ ಒಮ್ಮೆ ಕಿರುಗುಟ್ಟಿ ತುಸು ಇಳಿದು ನಿಲ್ಲುತ್ತವೆ.

ಗಿಡ್ಡ ಮರಗಳ ಈ ಹೆಣಿಗೆಯ ಹತ್ತಿರದ ಬಂಧುವೊಂದು ಚೀನದಲ್ಲಿದೆ. ಹನ್ನೆರಡನೆಯ ಶತಮಾನದ ಚಿತ್ರಕಾರ ಝಾಂಗ್ ಝೆದುವಾನ್ ರಾಜಧಾನಿಯ ನದಿಯನ್ನು ಚಿತ್ರಿಸಿದ ಉದ್ದನೆಯ ಪಟದಲ್ಲಿ, ನೀರಿನೊಳಗೆ ಒಂದು ಕಂಬವೂ ಇಲ್ಲದ ಮರದ ಕಮಾನು ಸೇತುವೆಯಿದೆ. ಇಂದಿಗೂ ಫೂಜಿಯಾನ್ ಮತ್ತು ಝೆಜಿಯಾಂಗ್ ಪ್ರಾಂತಗಳ ಬೆಟ್ಟದ ಹಳ್ಳಿಗಳಲ್ಲಿ ಆ ಜಾತಿಯ ಸೇತುವೆಗಳುಂಟು. ಮೂರು ತುಂಡುಗಳ ಒಂದು ಕಮಾನು, ಐದು ತುಂಡುಗಳ ಇನ್ನೊಂದು ಕಮಾನು. ಎರಡನ್ನೂ ಅಡ್ಡತೊಲೆಗಳ ಮೂಲಕ ಬುಟ್ಟಿಯಂತೆ ಹೆಣೆದು ಒಂದರ ದೌರ್ಬಲ್ಯವನ್ನು ಇನ್ನೊಂದು ತಡೆಯುವಂತೆ ಮಾಡುತ್ತಾರೆ. ಮೇಲೆ ಮನೆಯಂತೆ ಚಾವಣಿ ಹೊದಿಸುವುದು ಅಂದಕ್ಕಾಗಿ ಮಾತ್ರವಲ್ಲ. ಅದು ಮರವನ್ನು ಮಳೆಯಿಂದ ಕಾಯುತ್ತದೆ, ತನ್ನ ತೂಕದಿಂದ ಹೆಣಿಗೆಯನ್ನು ಬಿಗಿಯಾಗಿ ಕೂರಿಸುತ್ತದೆ.

ಈ ವಿದ್ಯೆ ಗುರುವಿನಿಂದ ಶಿಷ್ಯನಿಗೆ, ಮನೆತನದೊಳಗೆ ತಂದೆಯಿಂದ ಮಗನಿಗೆ ಬಾಯಿಮಾತಿನಿಂದಲೂ ಕೈಕೆಲಸದಿಂದಲೂ ಬಂದುದು. ಯುನೆಸ್ಕೊ 2009ರಲ್ಲಿ ಇದನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಆ ಪಟ್ಟಿಯಿಂದ ತೆಗೆದು ಮಾನವಕುಲದ ಪ್ರಾತಿನಿಧಿಕ ಪರಂಪರೆಗಳ ಪಟ್ಟಿಗೆ ವರ್ಗಾಯಿಸಿತು. ನಡುವೆ, 2022ರ ಆಗಸ್ಟ್ 6ರಂದು, ಫೂಜಿಯಾನಿನ ಪಿಂಗ್‌ನಾನ್ ಸೀಮೆಯ ಸುಮಾರು 98 ಮೀಟರ್ ಉದ್ದದ ವಾನ್‌ಆನ್ ಸೇತುವೆ ಬೆಂಕಿಗೆ ಆಹುತಿಯಾಯಿತು. ಇಂಥ ಸೇತುವೆಗಳಲ್ಲಿ ಉಳಿದಿದ್ದ ಅತಿ ಉದ್ದನೆಯದು ಅದೇ.

ಕಾಂಕ್ರೀಟಿನ ಕಾಲದಲ್ಲಿ ಮರದ ಸೇತುವೆಯನ್ನು ಮತ್ತೆ ಕಟ್ಟುವುದೇಕೆ, ಅಳತೆ ತೆಗೆದು ನಕ್ಷೆ ಬರೆದಿಟ್ಟರೆ ಸಾಲದೆ ಎಂದು ಕೇಳುವವರಿದ್ದಾರೆ. ಸಾಲದು. ವಾಲಿಸನ ಲೆಕ್ಕ ಸಂದಿನ ಮೇಲೆ ಬೀಳುವ ಭಾರವನ್ನು ಹೇಳೀತು. ಹಸಿಮರ ಒಣಗಿದಾಗ ಆ ಸಂದು ಎಷ್ಟು ಸಡಿಲವಾದೀತು, ಊರೆಯನ್ನು ಯಾವ ಗಳಿಗೆಯಲ್ಲಿ ತೆಗೆಯಬೇಕು ಎಂಬುದು ಕೊಡತಿ ಹಿಡಿದ ಮುದುಕನಿಗೆ ಗೊತ್ತು. ಅವನ ಪಕ್ಕದಲ್ಲಿ ನಿಂತು ತೊಲೆಗೆ ಕೈಕೊಡಲು ಒಬ್ಬ ಹುಡುಗ ಬೇಕು, ಅವನು ಬದುಕಿರುವಾಗಲೇ ಕಟ್ಟಲು ಒಂದು ಸೇತುವೆ ಬೇಕು.