ಲೈಸೆನ್ಸಿಗೆ ಯಾವ ಕಾಗದ ಬೇಕು? ಒಂದು ಬೋರ್ಡು ಹಾಕಿ ಸ್ವಾಮಿ!

ಮೊನ್ನೆ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತು. ಸಾರಿಗೆ ಕಚೇರಿ ಎದುರಿನ ಜೆರಾಕ್ಸ್ ಅಂಗಡಿ ಮುಂದೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಪ್ಲಾಸ್ಟಿಕ್ ಕವರ್ ಹಿಡಿದು ನಿಂತಿದ್ದ. ಕವರಿನೊಳಗೆ ಆಧಾರ್ ಕಾರ್ಡು, ವೋಟರ್ ಕಾರ್ಡು, ಏಳನೇ ಕ್ಲಾಸಿನ ಟಿ.ಸಿ., ನಾಲ್ಕು ಫೋಟೋ. ಪೇಟೆ ಬೀದಿಯ ದಿನಸಿ ಅಂಗಡಿಯಲ್ಲಿ ಕೆಲಸಕ್ಕಿರುವ ಹುಡುಗ. ಹೆಸರು ಬೇಡ, ಬಡವನ ಹೊಟ್ಟೆಪಾಡು.

"ಏನಪ್ಪಾ, ಕೆಲಸ ಆಯ್ತಾ?" ಎಂದು ಕೇಳಿದೆ.

"ಎಲ್ಲಿ ಅಣ್ಣ, ಇದು ಮೂರನೇ ಸಲ ಬರ್ತಿರೋದು. ಮೊದಲನೇ ಸಲ ಆಧಾರ್ ಸಾಕು ಅಂದ್ರು. ಎರಡನೇ ಸಲ ಆಧಾರ್‌ನಲ್ಲಿ ಹೆಸರು ಒಂಥರಾ ಐತೆ, ವೋಟರ್ ಕಾರ್ಡಲ್ಲಿ ಇನ್ನೊಂಥರಾ ಐತೆ, ಟಿ.ಸಿ. ತಾ ಅಂದ್ರು. ಇವತ್ತು ಟಿ.ಸಿ. ತಂದ್ರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಬೇಕೇ ಬೇಕು ಅಂತಾರೆ. ನಾನು ಹೈಸ್ಕೂಲ್ ಮೆಟ್ಟಿಲೇ ಹತ್ತಿಲ್ಲ."

"ಹಂಗಂತ ಹೇಳಿದೋರು ಯಾರು?"

"ಅಗೋ, ಆ ಮರದ ಕೆಳಗೆ ಕೂತವರಲ್ಲ, ಅವ್ರು. ಮೂರೂವರೆ ಸಾವಿರ ಕೊಟ್ರೆ ಮಾಡಿಸಿ ಕೊಡ್ತಾರಂತೆ."

ಅಂದರೆ ಮೂರು ಸಲ ಬಂದ ಹುಡುಗ ಒಂದು ಸಲವೂ ಕೌಂಟರಿನವರೆಗೆ ಹೋಗಿಲ್ಲ! ಅವನ ಪಾಲಿಗೆ ಸರ್ಕಾರ ಅಂದರೆ ಮರದ ಕೆಳಗಿನ ಕುರ್ಚಿ. ಕಾನೂನು ಅಂದರೆ ಆ ಕುರ್ಚಿಯಲ್ಲಿ ಕೂತವನ ಬಾಯಿ. ಕಚೇರಿಯ ಗೋಡೆ ತುಂಬ ಹುಡುಕಿದೆ. ಧೂಮಪಾನ ನಿಷೇಧ ಇದೆ. "ಮಧ್ಯವರ್ತಿಗಳಿಗೆ ಪ್ರವೇಶವಿಲ್ಲ" ಎಂಬ ಹಳೇ ಬೋರ್ಡೂ ಇದೆ. ಆದರೆ ಮಧ್ಯವರ್ತಿ ಇಲ್ಲದೆ ಬಂದವನು ಏನು ತರಬೇಕು ಅಂತ ಹೇಳುವ ಬೋರ್ಡು ಮಾತ್ರ ಇಲ್ಲ.

ಹುಡುಗ ಅಂಗಡಿಗೆ ವಾಪಸು ಹೋದ. ಸಾಹುಕಾರರು ಸ್ಕೂಟರ್ ಕೀಲಿ ಕೈಗಿಟ್ಟು, "ಲೈಸೆನ್ಸು ಆಮೇಲೆ ನೋಡಾಣ, ಮೊದ್ಲು ಹೋಟೆಲ್ಗೆ ಅಕ್ಕಿ ಕೊಟ್ಟು ಬಾ" ಅಂದರಂತೆ. ಅವನು ಹೋದ. ನಿತ್ಯ ಹೋಗುತ್ತಿದ್ದಾನೆ. ಅಂಥವರು ನಮ್ಮೂರಿನಲ್ಲಿ ಎಷ್ಟು ಜನ ಎಂಬುದು ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ನಿಂತರೆ ಯಾರಿಗಾದರೂ ಗೊತ್ತಾಗುತ್ತದೆ.

ಕಾನೂನು ಏನು ಹೇಳುತ್ತದೆ?

ಮರದ ಕೆಳಗಿನವರ ಮಾತು ಬಿಡಿ, ಪುಸ್ತಕ ತೆಗೆಯೋಣ. 1988ರ ಮೋಟಾರು ವಾಹನ ಕಾಯ್ದೆ ಉಂಟು, ಅದರ ಕೆಳಗೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಉಂಟು. ವಯಸ್ಸಿಗೂ ವಿಳಾಸಕ್ಕೂ ಯಾವ ಕಾಗದ ತೋರಿಸಬೇಕು ಎಂಬುದು ಈ ನಿಯಮಗಳ 4ನೇ ನಿಯಮದಲ್ಲಿದೆ. ಅಲ್ಲಿ ಮತದಾರರ ಪಟ್ಟಿ ಇದೆ, ಜೀವ ವಿಮೆ ಪಾಲಿಸಿ ಇದೆ, ಪಾಸ್‌ಪೋರ್ಟ್ ಇದೆ, ಸರ್ಕಾರಿ ನೌಕರರಾದರೆ ಸಂಬಳದ ಚೀಟಿ ಇದೆ, ಶಾಲಾ ಪ್ರಮಾಣಪತ್ರ ಇದೆ, ಜನನ ಪ್ರಮಾಣಪತ್ರ ಇದೆ. ಸಿವಿಲ್ ಸರ್ಜನ್ ದರ್ಜೆಗೆ ಕಡಿಮೆಯಿಲ್ಲದ ವೈದ್ಯರು ಕೊಟ್ಟ ವಯಸ್ಸಿನ ಸರ್ಟಿಫಿಕೇಟೂ ಆಗುತ್ತದೆ. ಇವುಗಳಲ್ಲಿ ಒಂದು ಅಥವಾ ಹೆಚ್ಚು ಎಂದು ಬರೆದಿದೆಯೇ ಹೊರತು ಎಲ್ಲವೂ ಬೇಕು ಎಂದಲ್ಲ. ವಯಸ್ಸಿಗೆ ಒಂದು, ವಿಳಾಸಕ್ಕೆ ಒಂದು ಇದ್ದರೆ ಲೆಕ್ಕ ಸರಿಹೋಯಿತು.

ಗಮನಿಸಿ. "ಶಾಲಾ ಪ್ರಮಾಣಪತ್ರ" ಅಂತ ಇದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಅಂತ ಇಲ್ಲ. ಆ ಹುಡುಗನ ಕವರಿನಲ್ಲಿದ್ದ ಏಳನೇ ಕ್ಲಾಸಿನ ಟಿ.ಸಿ.ಯೂ ಶಾಲೆಯ ಕಾಗದವೇ ತಾನೆ?

ಈ ಯಾವ ಕಾಗದವೂ ಇಲ್ಲದವನ ಗತಿ? ಅದಕ್ಕೂ ಅದೇ ನಿಯಮದಲ್ಲಿ ದಾರಿ ಬಿಟ್ಟಿದ್ದಾರೆ. ತಕ್ಕ ಕಾರಣವಿದ್ದರೆ ತಹಸೀಲ್ದಾರರಂಥ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರ ಮುಂದೆಯೋ, ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಮುಂದೆಯೋ, ನೋಟರಿಯ ಮುಂದೆಯೋ ಮಾಡಿದ ಅಫಿಡವಿಟ್ಟನ್ನು ಅಧಿಕಾರಿ ಒಪ್ಪಬಹುದು. "ಒಪ್ಪಬಹುದು" ಅಂತಿದೆ, "ಒಪ್ಪಲೇಬೇಕು" ಅಂತಿಲ್ಲ ನಿಜ. ಆದರೆ ಬಾಗಿಲು ಇದೆ. ಬಾಗಿಲು ಇದೆ ಎಂಬುದನ್ನೇ ಜನಕ್ಕೆ ಹೇಳುವವರಿಲ್ಲ.

ಇನ್ನು ದುಡ್ಡಿನ ಮಾತು. 2016ರ ಡಿಸೆಂಬರ್ ಕೊನೆಯಲ್ಲಿ ಕೇಂದ್ರ ಹೊರಡಿಸಿದ ಪಟ್ಟಿ ಪ್ರಕಾರ ಎಲ್‌ಎಲ್‌ಆರ್‌ಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಓಡಿಸಿ ತೋರಿಸುವ ಟೆಸ್ಟಿಗೆ 300, ಡಿ.ಎಲ್. ಕೊಡಲು 200. ಕಾರ್ಡಿನ ಖರ್ಚು, ಸೇವಾ ಶುಲ್ಕ ಅಂತ ಮೇಲೆ ಸ್ವಲ್ಪ ಬೀಳುತ್ತದೆ. ಎಷ್ಟೇ ಬಿದ್ದರೂ ಮೂರೂವರೆ ಸಾವಿರಕ್ಕೂ ಇದಕ್ಕೂ ಮಧ್ಯೆ ಇರುವ ಅಂತರವೇ ಆ ಮರದ ನೆರಳಿನ ಬಾಡಿಗೆ.

ಮೇಷ್ಟ್ರ ಜೂನ್ 1, ಆಧಾರಿನ ಜನವರಿ 1

ಕೌಂಟರಿನ ಗುಮಾಸ್ತರದ್ದೂ ಒಂದು ಕಷ್ಟ ಇದೆ, ಅದನ್ನೂ ಹೇಳಬೇಕು. ಒಬ್ಬನೇ ಮನುಷ್ಯನಿಗೆ ಒಂದೊಂದು ಕಾಗದದಲ್ಲಿ ಒಂದೊಂದು ಹೆಸರು. ಒಂದರಲ್ಲಿ ಇನಿಷಿಯಲ್ ಮುಂದೆ, ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಅಪ್ಪನ ಹೆಸರೇ ಪೂರ್ತಿ. ಕನ್ನಡದಲ್ಲಿ ಮಂಜುನಾಥ ಒಬ್ಬನೇ, ಇಂಗ್ಲಿಷಿಗೆ ಹೋದರೆ ಕೊನೆಗೆ "ಎ" ಇರುವ ಮಂಜುನಾಥ ಬೇರೆ, ಇಲ್ಲದವನು ಬೇರೆ. ಕಂಪ್ಯೂಟರಿಗೆ ಇಬ್ಬರೂ ಬೇರೆ ಬೇರೆ ಪ್ರಜೆಗಳು. ತಪ್ಪು ಕಾಗದ ಒಪ್ಪಿದರೆ ನಾಳೆ ಗುಮಾಸ್ತರ ಕುತ್ತಿಗೆಗೇ ಬರುತ್ತದೆ.

ನನ್ನದೇ ಕಥೆ ಕೇಳಿ. ನಾನು ಹುಟ್ಟಿದ್ದು ದೀಪಾವಳಿ ಅಮಾವಾಸ್ಯೆ ಹಿಂದಿನ ದಿನ ಅಂತ ಅವ್ವ ಇವತ್ತಿಗೂ ಹೇಳುತ್ತಾಳೆ. ಅಪ್ಪ ಶಾಲೆಗೆ ಕರೆದುಕೊಂಡು ಹೋದಾಗ ಮೇಷ್ಟ್ರು ನನ್ನ ಕೈಯನ್ನು ತಲೆ ಮೇಲಿಂದ ಸುತ್ತಿಸಿ ಕಿವಿ ಮುಟ್ಟುತ್ತದಾ ನೋಡಿ, "ಆಯ್ತು, ಜೂನ್ ಒಂದು ಅಂತ ಬರ್ಕೋತೀನಿ" ಅಂದರಂತೆ. ನಮ್ಮ ಕ್ಲಾಸಿನಲ್ಲಿ ಅರ್ಧಕ್ಕರ್ಧ ಹುಡುಗರು ಜೂನ್ ಒಂದರಂದೇ ಹುಟ್ಟಿದವರು! ಮುಂದೆ ಆಧಾರ್ ಮಾಡಿಸುವಾಗ ಕ್ಯಾಂಪಿನ ಹುಡುಗ "ಯಾವ ವರ್ಷ?" ಅಂತ ಮಾತ್ರ ಕೇಳಿದ, ತಾರೀಕು ಜನವರಿ ಒಂದು ಅಂತ ಕೂತಿತು. ಪಿಯುಸಿ ಅರ್ಧಕ್ಕೆ ಬಿಟ್ಟು ಪತ್ರಿಕೆ ಕೆಲಸಕ್ಕೆ ಸೇರಿ, ಬೈಕಿಗೆ ಲೈಸೆನ್ಸು ಮಾಡಿಸಲು ಹೋದಾಗಲೇ ನನಗೆ ಗೊತ್ತಾದದ್ದು, ನಾನು ವರ್ಷಕ್ಕೆ ಎರಡು ಸಲ ಹುಟ್ಟಿದವನು ಅಂತ. ಆಧಾರ್ ತಿದ್ದಿಸಲು ಅಲೆದದ್ದು ಐದು ದಿನ. ಊರ ತುಂಬ ಪರಿಚಯ ಇರುವ ವರದಿಗಾರನಿಗೇ ಐದು ದಿನ ಆದರೆ, ದಿನಗೂಲಿ ಬಿಟ್ಟು ಬರುವವನಿಗೆ?

ಆಧಾರ್ ಇದ್ದರೆ ಸಾಕು ಎಂಬ ನಂಬಿಕೆ ಬೇರೆ ಬೇರೂರಿದೆ. ಆಧಾರ್ ಗುರುತಿಗೆ ಸರಿ. 2021ರ ಮಾರ್ಚಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್‌ಎಲ್‌ಆರ್, ನವೀಕರಣ ಮುಂತಾದ 18 ಸೇವೆಗಳನ್ನು ಆಧಾರ್ ಮೂಲಕ ಆನ್‌ಲೈನಿನಲ್ಲಿ ಪಡೆಯಲು ಅವಕಾಶ ಕೊಟ್ಟಿತು, ಅದೂ ಇಷ್ಟವಿದ್ದವರಿಗೆ. ಮೊಬೈಲ್ ನಂಬರು ಆಧಾರಿಗೆ ಜೋಡಣೆಯಾಗಿದ್ದರೆ ಆ ದಾರಿ ಸಲೀಸು, ಇಲ್ಲದಿದ್ದರೆ ಓಟಿಪಿ ಬರುವುದಿಲ್ಲ, ಅಲ್ಲಿಗೇ ಕಥೆ ಮುಗಿಯಿತು. ಆದರೆ ವಯಸ್ಸಿಗೆ? 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ರಸ್ತೆ ಅಪಘಾತದ ಪರಿಹಾರದ ಮೊಕದ್ದಮೆಯೊಂದರಲ್ಲಿ ಆಧಾರ್ ಜನ್ಮದಿನಾಂಕಕ್ಕೆ ಪುರಾವೆಯಲ್ಲ ಎಂದು ಹೇಳಿ, ಸತ್ತವನ ಶಾಲಾ ಪ್ರಮಾಣಪತ್ರದ ತಾರೀಕನ್ನೇ ಹಿಡಿಯಿತು. ಅಂದರೆ ಕಾಗದದ ತಾರೀಕು ಲೈಸೆನ್ಸಿಗೆ ಮಾತ್ರವಲ್ಲ, ಮನುಷ್ಯ ಹೋದ ಮೇಲೆ ಹೆಂಡತಿ ಮಕ್ಕಳಿಗೆ ಸಿಗುವ ಹಣಕ್ಕೂ ತಗಲುತ್ತದೆ.

ಆದ್ದರಿಂದ ಅರ್ಜಿ ಹಾಕುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿ ಎಲ್ಲ ಕಾಗದ ಚಾಪೆ ಮೇಲೆ ಹರವಿ, ಹೆಸರು, ಅಪ್ಪನ ಹೆಸರು, ತಾರೀಕು ಒಂದೊಂದಾಗಿ ತಾಳೆ ನೋಡಿ. ಶಾಲೆ ಕಾಗದವನ್ನೋ ಜನನ ಪತ್ರವನ್ನೋ ಬುಡ ಅಂತ ಇಟ್ಟುಕೊಂಡು ಉಳಿದವನ್ನು ಅದಕ್ಕೆ ಸರಿಯಾಗಿ ತಿದ್ದಿಸಿ. ಆಮೇಲೆ ಕೌಂಟರಿಗೆ ಹೋಗಿ, ಮರದ ಕೆಳಗಲ್ಲ. ಮೂಲ ಪ್ರತಿ ಜೊತೆಗಿರಲಿ. ನಲವತ್ತು ದಾಟಿದವರು, ಬಾಡಿಗೆ ಗಾಡಿ ಓಡಿಸುವವರು ಡಾಕ್ಟರ ಸರ್ಟಿಫಿಕೇಟ್, ಅಂದರೆ ಫಾರಂ 1-ಎ, ತರಬೇಕು. ಉಳಿದವರಿಗೆ ತಾವೇ ಬರೆದುಕೊಡುವ ಫಾರಂ 1 ಸಾಕು. ಎಲ್‌ಎಲ್‌ಆರ್ ಆರು ತಿಂಗಳು ನಡೆಯುತ್ತದೆ. ಮೂವತ್ತು ದಿನ ಕಳೆದ ಮೇಲೆ, ಅವಧಿ ಮುಗಿಯುವುದರೊಳಗೆ ಎಂಟು ಹೊಡೆದು ತೋರಿಸಿ ಡಿ.ಎಲ್. ತೆಗೆದುಕೊಳ್ಳಿ.

ಅಂಗಡಿ ಸಾಹುಕಾರರೇ, ಕೇಳಿ

ಈಗ ಕೀಲಿ ಕೊಟ್ಟ ಸಾಹುಕಾರರಿಗೆ ಎರಡು ಮಾತು. ಲೈಸೆನ್ಸಿಲ್ಲದೆ ಓಡಿಸಿದರೆ ಕಾಯ್ದೆಯಲ್ಲಿದ್ದ ದಂಡ 500 ರೂಪಾಯಿ. 2019ರ ಸೆಪ್ಟೆಂಬರ್ 1ರಿಂದ ಅದು 5,000ಕ್ಕೆ ಏರಿತು. ರಸ್ತೆಯಲ್ಲಿ ಪೊಲೀಸರು ವಸೂಲು ಮಾಡುವ ದರವನ್ನು ರಾಜ್ಯಗಳು ಆಮೇಲೆ ಹೆಚ್ಚು ಕಡಿಮೆ ಮಾಡಿಕೊಂಡವು, ಅದು ಬೇರೆ ಮಾತು. ಆದರೆ ಲೈಸೆನ್ಸಿಲ್ಲದವನ ಕೈಗೆ ಗಾಡಿ ಕೊಟ್ಟ ಮಾಲೀಕನ ಮೇಲೂ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ಕೇಸು ಇದೆ. ಅಲ್ಲೂ 5,000 ದಂಡ, ಮೂರು ತಿಂಗಳವರೆಗೆ ಜೈಲೂ ಉಂಟು.

ದಂಡ ಹೋಗಲಿ, ಕಟ್ಟಬಹುದು. ನಿಮ್ಮ ಹುಡುಗ ಯಾರಿಗಾದರೂ ಗುದ್ದಿದರೆ? ವಿಮೆ ಕಂಪನಿ ಗಾಯಗೊಂಡವನಿಗೆ ಹಣ ಕೊಟ್ಟು, ಆಮೇಲೆ ಅದನ್ನು ಗಾಡಿ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಎಷ್ಟೋ ಮೊಕದ್ದಮೆಗಳಲ್ಲಿ ಹೇಳಿವೆ. ಲಕ್ಷಗಳ ಲೆಕ್ಕ ಅದು. ಒಂದು ಮೂಟೆ ಅಕ್ಕಿ ಬೇಗ ಮುಟ್ಟಿಸಲು ಹೋಗಿ ಅಂಗಡಿಯೇ ಮುಳುಗೀತು. ಹುಡುಗನಿಗೆ ಎರಡು ದಿನ ಸಂಬಳ ಸಮೇತ ರಜಾ ಕೊಟ್ಟು ಕಚೇರಿಗೆ ಕಳಿಸುವುದು ಅದಕ್ಕಿಂತ ಬಹಳ ಅಗ್ಗ.

ಟೆಂಪೋ, ಲಗೇಜ್ ಗಾಡಿ ಇಟ್ಟವರಿಗೆ ಇನ್ನೊಂದು ವಿಷಯ. ಬಾಡಿಗೆ ಗಾಡಿ ಓಡಿಸಲು ಎಂಟನೇ ಕ್ಲಾಸು ಪಾಸಾಗಿರಬೇಕು ಎಂಬ ನಿಯಮ ಹಿಂದೆ ಇತ್ತು, 2019ರಲ್ಲಿ ಅದನ್ನು ತೆಗೆದುಹಾಕಿದರು. ಹೀಗಿದ್ದೂ ಎಂಟನೇ ಕ್ಲಾಸಿನ ಸರ್ಟಿಫಿಕೇಟ್ ಇಲ್ಲವೆಂದು ಸುಳ್ಳು ಕಾಗದ ಮಾಡಿಸಿಕೊಳ್ಳಲು ಹೊರಟವರನ್ನು ನಾನೇ ಕಂಡಿದ್ದೇನೆ. ಇಲ್ಲದ ನಿಯಮಕ್ಕೆ ಸುಳ್ಳು ಕಾಗದ! ತಿಳಿಸುವ ಬೋರ್ಡು ಇಲ್ಲದಿದ್ದರೆ ಆಗುವುದೇ ಹೀಗೆ. ಸತ್ತ ನಿಯಮ ಕೂಡ ದಲ್ಲಾಳಿಯ ಬಾಯಲ್ಲಿ ಬದುಕಿರುತ್ತದೆ.

ಈಗ ಹುಟ್ಟುವ ಮಕ್ಕಳ ಗತಿ?

ಇವತ್ತಿನ ಯುವಕರಿಗಾದರೂ ನಾಲ್ಕಾರು ದಾರಿ ಇದೆ. ಜನನ ಮರಣ ನೋಂದಣಿ ಕಾಯ್ದೆಗೆ 2023ರಲ್ಲಿ ತಿದ್ದುಪಡಿ ಬಂದು ಅದೇ ವರ್ಷ ಅಕ್ಟೋಬರ್ 1ರಿಂದ ಜಾರಿಯಾಗಿದೆ. ಆ ದಿನದಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು, ಮತದಾರರ ಪಟ್ಟಿಗೆ, ಡ್ರೈವಿಂಗ್ ಲೈಸೆನ್ಸಿಗೆ ಹುಟ್ಟಿದ ತಾರೀಕಿನ ಪುರಾವೆ ಒಂದೇ, ಜನನ ಪ್ರಮಾಣಪತ್ರ. ಕಿವಿ ಮುಟ್ಟಿಸಿ ಜೂನ್ ಒಂದು ಬರೆಯುವ ಮೇಷ್ಟ್ರ ಕಾಲ ಮುಗಿಯಿತು. ಮನೆಯಲ್ಲಿ ಮಗು ಹುಟ್ಟಿದರೆ 21 ದಿನದೊಳಗೆ ಬರೆಸಿ, ದುಡ್ಡಿಲ್ಲ. ತಡವಾದರೆ ದಂಡ, ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ. ಹೆಸರು ಬರೆಸುವಾಗ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎರಡು ಸಲ ಓದಿ ನೋಡಿ. ಅಂದು ಬಿಟ್ಟ ಒಂದು ಅಕ್ಷರ ಹದಿನೆಂಟು ವರ್ಷದ ಮೇಲೆ ನಿಮ್ಮ ಮಗನನ್ನು ಮರದ ಕೆಳಗೆ ನಿಲ್ಲಿಸುತ್ತದೆ.

ನಾವು ಕೇಳುವುದಿಷ್ಟೇ

ಸಾರಿಗೆ ಅಧಿಕಾರಿಗಳಲ್ಲಿ ನಮ್ಮ ಬೇಡಿಕೆ ದೊಡ್ಡದೇನಲ್ಲ.

ಒಂದು: ಕಚೇರಿ ಗೇಟಿನ ಹೊರಗೆ, ದಲ್ಲಾಳಿಗಳ ಕುರ್ಚಿಗಿಂತ ಮೊದಲು ಕಣ್ಣಿಗೆ ಬೀಳುವಂತೆ, ದಪ್ಪ ಕನ್ನಡ ಅಕ್ಷರದಲ್ಲಿ ಒಂದು ಬೋರ್ಡು. ಯಾವ ಕಾಗದ, ಎಷ್ಟು ಶುಲ್ಕ, ಕಾಗದ ಇಲ್ಲದವನಿಗೆ ಅಫಿಡವಿಟ್ ದಾರಿ, ಅಷ್ಟೂ ಅದರಲ್ಲಿರಲಿ. ಕಚೇರಿಯ ಕೆಲಸ ಕಾರ್ಯದ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮೇ ಹೇಳುತ್ತದೆ.

ಎರಡು: ಕಾಗದ ಸರಿಯಿಲ್ಲ ಎಂದರೆ ಏನು ಸರಿಯಿಲ್ಲ ಎಂಬುದನ್ನು ಚೀಟಿಯಲ್ಲಿ ಬರೆದು ಕೊಡಿ. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು, ತಡ ಮಾಡಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡಬೇಕು ಎಂದು 2011ರ ಸಕಾಲ ಕಾಯ್ದೆ ಇದೆಯಲ್ಲ? ಬಾಯಿಮಾತಿನಲ್ಲಿ "ನಾಳೆ ಬಾ" ಅಂದರೆ ಅದು ತಿರಸ್ಕಾರವೂ ಅಲ್ಲ, ತಡವೂ ಅಲ್ಲ, ಬರೀ ಬಸ್ ಚಾರ್ಜಿಗೆ ದಂಡ.

ಮೂರು: ವಾರಕ್ಕೊಂದು ದಿನ, ಸಂತೆ ದಿನವೇ ಆಗಲಿ, ಹಳ್ಳಿಯಿಂದ ಬಂದವರ ಕಾಗದ ತಾಳೆ ನೋಡಿ ಹೇಳಲು ಒಂದು ಮೇಜು, ಒಬ್ಬ ಗುಮಾಸ್ತರು.

ಒಂದು ತಗಡಿನ ಬೋರ್ಡಿಗೆ, ಪೇಂಟರ್ ಕೂಲಿ ಸೇರಿಸಿದರೂ, ದಲ್ಲಾಳಿ ಒಬ್ಬ ಹುಡುಗನಿಂದ ಕೇಳಿದ ಮೂರೂವರೆ ಸಾವಿರಕ್ಕಿಂತ ಹೆಚ್ಚು ಖರ್ಚು ಬೀಳಲಿಕ್ಕಿಲ್ಲ. ಅದಕ್ಕೂ ಇಲಾಖೆಯಲ್ಲಿ ದುಡ್ಡಿಲ್ಲ ಎಂದರೆ ಹೇಳಿ, ಪೇಟೆ ಬೀದಿಯ ವರ್ತಕರಿಂದ ಚಂದಾ ಎತ್ತಿಸಿ ಕೊಡಿಸುತ್ತೇವೆ.

ಇದನ್ನು ಬರೆಯುವ ಹೊತ್ತಿಗೆ ಆ ಹುಡುಗ ಪುನಃ ಸ್ಕೂಟರಿನ ಮೇಲೆ ಎರಡು ಮೂಟೆ ಇಟ್ಟುಕೊಂಡು ಬಸ್ ಸ್ಟ್ಯಾಂಡ್ ಸರ್ಕಲ್ ದಾಟಿ ಹೋದ. ಕವರು ಸೀಟಿನ ಕೆಳಗೇ ಇದೆಯಂತೆ. ಅವನಿಗೆ ಏನೂ ಆಗುವ ಮುಂಚೆ ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?