ಹೊಸ ಲ್ಯಾಪ್‌ಟಾಪ್ ಕೆಟ್ಟರೆ ಮೊದಲು ಬಾಯಿ ಬಿಡಿ

ನಮ್ಮ ಮನೆಗೆ ಲ್ಯಾಪ್‌ಟಾಪ್ ಬಂದದ್ದು ಕಳೆದ ಆಗಸ್ಟ್‌ನಲ್ಲಿ. ಅಮ್ಮಿ ಇಪ್ಪತ್ತು ತಿಂಗಳು ಕಟ್ಟಿದ ಚೀಟಿ ಎತ್ತಿ, ಕಡಿಮೆ ಬಿದ್ದದ್ದನ್ನು ಅಬ್ಬಾ ಸೇರಿಸಿ, 36,500 ರೂಪಾಯಿ ಕೊಟ್ಟು ತಂದರು. ಮೂರು ದಿನ ಚೆನ್ನಾಗಿತ್ತು. ನಾಲ್ಕನೆಯ ರಾತ್ರಿ ಟ್ಯಾಲಿಯಲ್ಲಿ ವೋಚರ್ ಎಂಟ್ರಿ ಮಾಡುತ್ತಿದ್ದಾಗ ಪರದೆ ಇದ್ದಕ್ಕಿದ್ದಂತೆ ನೀಲಿಯಾಯಿತು, ಇಂಗ್ಲಿಷಿನಲ್ಲಿ ಏನೋ ಬರೆದು ತೋರಿಸಿತು, ನಾನು ಓದುವುದರೊಳಗೆ ತಾನೇ ರೀಸ್ಟಾರ್ಟ್ ಆಯಿತು. ಆಗ ನಾನು ಮಾಡಿದ ಕೆಲಸ ಇಷ್ಟೇ: ಲ್ಯಾಪ್‌ಟಾಪ್ ಮುಚ್ಚಿ, ಬ್ಯಾಗಿಗೆ ಹಾಕಿ, ಲೈಟ್ ಆರಿಸಿ ಮಲಗಿದೆ.

ಯಾರಿಗೂ ಹೇಳಲಿಲ್ಲ. ಯಾಕೆಂದರೆ ಹೇಳಿದರೆ ಏನು ಕೇಳುತ್ತಾರೆಂದು ಗೊತ್ತಿತ್ತು. ‘ತೂ ಕ್ಯಾ ಕರೀ ಇಸ್ಕು?’ ಕನ್ನಡ ಮಾತಾಡುವ ಗೆಳತಿಯರ ಮನೆಯಲ್ಲೂ ಇದೇ ಪ್ರಶ್ನೆ, ಭಾಷೆ ಮಾತ್ರ ಬೇರೆ: ‘ಏನ್ ಮಾಡಿದಿ ಅದಕ್ಕ?’ ಹೊಸ ಮಿಕ್ಸರ್ ಕೆಟ್ಟರೆ ಕಂಪನಿಯನ್ನು ಬಯ್ಯುತ್ತಾರೆ. ಹೊಸ ಲ್ಯಾಪ್‌ಟಾಪ್ ಕೆಟ್ಟರೆ ಅದನ್ನು ಮುಟ್ಟಿದ ಮಕ್ಕಳನ್ನು ಬಯ್ಯುತ್ತಾರೆ. ಅದರಲ್ಲಿ ಏನು ನಡೆಯುತ್ತದೆ ಎಂಬುದು ದೊಡ್ಡವರಿಗೆ ಕಾಣುವುದಿಲ್ಲ, ಹಾಗಾಗಿ ಅನುಮಾನ ನಮ್ಮ ಮೇಲೆ. ಅದಕ್ಕಿಂತ ಕೆಟ್ಟದ್ದೆಂದರೆ, ನಮಗೂ ನಮ್ಮ ಮೇಲೇ ಅನುಮಾನ. ಆ ರಾತ್ರಿ ನಾನು ಯಾವ ಬಟನ್ ತಪ್ಪಾಗಿ ಒತ್ತಿದೆ ಎಂದು ಎಷ್ಟು ಹೊತ್ತು ಯೋಚಿಸಿದೆನೋ.

ಏಳನೆಯ ದಿನದೊಳಗೆ ಮತ್ತೆ ಎರಡು ಸಲ ಹಾಗೇ ಆಯಿತು. ಕೊನೆಗೆ ಮಾಮುವಿನ ಮಗನಿಗೆ ಗುಟ್ಟಾಗಿ ಹೇಳಿದೆ. ಅವನು ಎಲ್ಲರೂ ಹೇಳುವುದನ್ನೇ ಹೇಳಿದ: ‘ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ.’ ಮಾಡಿದ. ಎರಡು ದಿನ ಬಿಟ್ಟು ಮತ್ತೆ ನೀಲಿ ಪರದೆ, ಈ ಸಲ ಅಬ್ಬಾ ಪಕ್ಕದಲ್ಲೇ ಇದ್ದರು. ಅದು ಹನ್ನೊಂದನೆಯ ದಿನ. ಅಂಗಡಿಗೆ ಹೋದರೆ, ಬಿಲ್ಲಿನ ಹಿಂದೆ ಅಚ್ಚಾಗಿದ್ದ ಸಾಲನ್ನು ತೋರಿಸಿದರು: ದೋಷವಿದ್ದರೆ ಏಳು ದಿನದೊಳಗೆ ಬದಲಿ, ಆಮೇಲೆ ಸರ್ವಿಸ್ ಸೆಂಟರ್. ಸರ್ವಿಸ್ ಸೆಂಟರ್ ಇರುವುದು ಹುಬ್ಬಳ್ಳಿಯಲ್ಲಿ, ನಮ್ಮೂರಿಂದ ಬಸ್ಸಿನಲ್ಲಿ ಎರಡು ಗಂಟೆ. ಮೂರು ಸಲ ಓಡಾಡಿ, ಹತ್ತೊಂಬತ್ತು ದಿನ ಕಾದ ಮೇಲೆ ರ‍್ಯಾಮ್ ಬದಲಿಸಿ ಕೊಟ್ಟರು. ದುಡ್ಡು ಕೇಳಲಿಲ್ಲ, ವಾರಂಟಿ ಇತ್ತು. ಆದರೆ ಅಬ್ಬಾ ಮೂರು ದಿನದ ಕೂಲಿ ಬಿಟ್ಟಿದ್ದರು. ನಾಲ್ಕನೆಯ ರಾತ್ರಿಯೇ ನಾನು ಹೇಳಿದ್ದರೆ ಐದನೆಯ ದಿನ ಹೊಸ ಪೆಟ್ಟಿಗೆ ಮನೆಯಲ್ಲಿರುತ್ತಿತ್ತು.

ಹಾಗಾಗಿ ನನ್ನ ಅಭಿಪ್ರಾಯ ಇದು. ಹೊಸ ಲ್ಯಾಪ್‌ಟಾಪನ್ನು ನಾವೇ ರಿಪೇರಿ ಮಾಡಲು ಹೋಗಬಾರದು. ತಪ್ಪು ಯಂತ್ರದ್ದೋ ಪ್ರೋಗ್ರಾಮಿನದೋ ಎಂದು ಕಂಡುಹಿಡಿದು, ಬದಲಿ ಕೊಡುವ ದಿನಗಳು ಮುಗಿಯುವುದರೊಳಗೆ ಮನೆಯಲ್ಲೂ ಅಂಗಡಿಯಲ್ಲೂ ಹೇಳಬೇಕು. ನಾನು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡವಳಲ್ಲ, ಹೆಬಾ ವಿದ್ಯಾರ್ಥಿನಿ. ಇಷ್ಟನ್ನು ಕಂಡುಹಿಡಿಯಲು ಕಂಪ್ಯೂಟರ್ ಸೈನ್ಸ್ ಬೇಕಿಲ್ಲ. ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದಾಗ ನಾವು ಇಡೀ ಲೆಕ್ಕ ಹರಿದುಹಾಕಿ ಮೊದಲಿಂದ ಬರೆಯುತ್ತೇವೆಯೇ? ವ್ಯತ್ಯಾಸ ಎಷ್ಟು, ಯಾವ ಕಡೆ ಎಂದು ನೋಡುತ್ತೇವೆ. ಇಲ್ಲೂ ಅದೇ ಕೆಲಸ.

ಮೊದಲು, ದೋಷವಲ್ಲದ್ದನ್ನು ದೋಷ ಎಂದುಕೊಳ್ಳುವುದು ನಿಲ್ಲಬೇಕು. ನನ್ನ ತರಗತಿಯಲ್ಲೇ ಒಬ್ಬಳು ‘ಟ್ಯಾಲಿ 3ನೇ ತಾರೀಕು ತೆಗೆದುಕೊಳ್ಳುತ್ತಿಲ್ಲ, ಲ್ಯಾಪ್‌ಟಾಪ್ ಹಾಳಾಗಿದೆ’ ಎಂದು ಅತ್ತಿದ್ದಳು. ಟ್ಯಾಲಿಯ ಉಚಿತ ಎಜುಕೇಶನಲ್ ಮೋಡ್ ಇರುವುದೇ ಹಾಗೆ, 1, 2 ಮತ್ತು 31ನೇ ತಾರೀಕು ಮಾತ್ರ ಹಾಕಬಹುದು. 512 ಜಿಬಿ ಎಂದು ಕೊಟ್ಟದ್ದು 476 ಎಂದು ತೋರಿಸಿದರೆ ಅಂಗಡಿಯವರು ಮೋಸ ಮಾಡಿಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಯಾವ ಪ್ರೋಗ್ರಾಂ ಹಾಕಲು ಹೋದರೂ ‘ಸ್ಟೋರ್‌ನಿಂದ ಮಾತ್ರ’ ಎಂದು ಬಂದರೆ ಅದು ವಿಂಡೋಸ್‌ನ ಎಸ್ ಮೋಡ್. ಸ್ಟೋರ್‌ನಲ್ಲೇ ದುಡ್ಡಿಲ್ಲದೆ ಅದರಿಂದ ಹೊರಗೆ ಬರಬಹುದು, ಆದರೆ ಮತ್ತೆ ಒಳಗೆ ಹೋಗಲು ಆಗುವುದಿಲ್ಲ. ಕಾಲೇಜಿನ ಕನ್ನಡ ನೋಟಿಸ್ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರದಂತೆ ಕಂಡರೆ ಅದನ್ನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದಾರೆ ಎಂದರ್ಥ, ಆ ಫಾಂಟ್ ಹಾಕಿಕೊಂಡರೆ ಸರಿಯಾಗುತ್ತದೆ. (ಆಫೀಸಿನವರು ಯೂನಿಕೋಡ್‌ಗೆ ಬಂದರೆ ಇನ್ನೂ ಒಳ್ಳೆಯದು, ಬೇಸರ ಮಾಡಿಕೊಳ್ಳಬೇಡಿ ಸರ್.) ಇನ್ನೊಬ್ಬಳು ಕ್ಯಾಮೆರಾ ಕಪ್ಪಾಗಿದೆ ಎಂದು ಅಂಗಡಿಗೆ ಒಯ್ದು 300 ರೂಪಾಯಿ ಕೊಟ್ಟು ಬಂದಳು. ಅಂಗಡಿಯವನು ಮಾಡಿದ್ದು, ಕ್ಯಾಮೆರಾದ ಮೇಲಿನ ಪುಟ್ಟ ಮುಚ್ಚಳವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿದ್ದು.

ಮೊದಲ ದಿನಗಳಲ್ಲಿ ಲ್ಯಾಪ್‌ಟಾಪ್ ನಿಧಾನವಾಗಿದ್ದು ಫ್ಯಾನ್ ಜೋರಾಗಿ ತಿರುಗಿದರೂ ಗಾಬರಿ ಬೇಡ. ಒಳಗೆ ಅಪ್‌ಡೇಟ್‌ಗಳು ನಡೆಯುತ್ತಿರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ, ಯಾವುದು ತಿನ್ನುತ್ತಿದೆ ಎಂದು ಅಲ್ಲೇ ಕಾಣುತ್ತದೆ. ಫೋನಿನ ಹಾಟ್‌ಸ್ಪಾಟ್ ಬಳಸುವವರು ಆ ಸಂಪರ್ಕವನ್ನು ಮೀಟರ್ಡ್ ಎಂದು ಗುರುತು ಮಾಡಿಡಿ, ಇಲ್ಲದಿದ್ದರೆ ದಿನದ ಡೇಟಾ ಬೆಳಗ್ಗೆಯೇ ಖಾಲಿ. ಪೆಟ್ಟಿಗೆಯ ಜೊತೆ ಬಂದ ಟ್ರಯಲ್ ಆ್ಯಂಟಿವೈರಸ್ ನಮ್ಮ ಮನೆಯದರಲ್ಲಂತೂ ನಿಧಾನಕ್ಕೆ ದೊಡ್ಡ ಕಾರಣವಾಗಿತ್ತು. ಅದನ್ನು ತೆಗೆದರೆ ವಿಂಡೋಸ್‌ನ ಸ್ವಂತ ಡಿಫೆಂಡರ್ ತಾನೇ ಕೆಲಸಕ್ಕೆ ಇಳಿಯುತ್ತದೆ.

ಇಷ್ಟೆಲ್ಲ ಕಳೆದ ಮೇಲೂ ತೊಂದರೆ ಉಳಿದರೆ ಅದು ನಿಜವಾದ ದೋಷ. ಪರದೆಯ ಮೇಲೆ ಗೆರೆ ಬರುತ್ತಿದ್ದರೆ ಸ್ಕ್ರೀನ್‌ಶಾಟ್ ತೆಗೆದು ಅಮ್ಮಿಯ ಫೋನಿಗೆ ಕಳಿಸಿ ನೋಡಿ. ಫೋನಿನಲ್ಲಿ ಗೆರೆ ಇಲ್ಲದಿದ್ದರೆ ಚಿತ್ರ ಸರಿಯಿದೆ, ಪರದೆಯನ್ನೋ ಅದರ ಕೇಬಲ್ಲನ್ನೋ ಅನುಮಾನಿಸಬೇಕು. ಮನೆಯ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿಯೂ ಇದನ್ನೇ ಪರೀಕ್ಷಿಸಬಹುದು. ಒಂದು ಕೀ ಕೆಲಸ ಮಾಡದಿದ್ದರೆ, ವಿಂಡೋಸ್ ಶುರುವಾಗುವ ಮೊದಲೇ ಬರುವ ಬಯೋಸ್ ಪರದೆಯಲ್ಲಿ ಒತ್ತಿ ನೋಡಿ. ಅಲ್ಲೂ ಸತ್ತಿದ್ದರೆ ಫಾರ್ಮ್ಯಾಟ್ ಏನೂ ಮಾಡಲಾರದು. ಬ್ಯಾಟರಿ ಬೇಗ ಇಳಿಯುತ್ತಿದ್ದರೆ ಕಮಾಂಡ್ ಪ್ರಾಂಪ್ಟ್ ಮೂಲಕ ಬ್ಯಾಟರಿ ರಿಪೋರ್ಟ್ ತೆಗೆಯಬಹುದು. ಅದರಲ್ಲಿ ಬ್ಯಾಟರಿಯ ಮೂಲ ಸಾಮರ್ಥ್ಯ, ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯ ಎರಡೂ ಇರುತ್ತವೆ. ಹೊಸದರಲ್ಲಿ ಇವೆರಡೂ ಹತ್ತಿರ ಹತ್ತಿರ ಇರಬೇಕು. ನನ್ನದಕ್ಕೆ ಬೇಕಾಗಿದ್ದದ್ದು ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಪರೀಕ್ಷೆ. ಅದು ವಿಂಡೋಸ್‌ನಲ್ಲೇ ಇದೆ. ಸರ್ವಿಸ್ ಸೆಂಟರಿನ ಹುಡುಗ ಅದನ್ನು ಹಾಕಿ, ಹಾರ್ಡ್‌ವೇರ್ ತೊಂದರೆ ಎಂದು ಬಂದದ್ದನ್ನು ನನಗೆ ತೋರಿಸಿದಾಗ ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ನಾನು ಏನೂ ಮಾಡಿರಲಿಲ್ಲ!

ಅವನು ಇನ್ನೊಂದು ಮಾತು ಹೇಳಿದ, ಅದಕ್ಕಾಗಿಯೇ ಈ ಲೇಖನ ಬರೆಯುತ್ತಿದ್ದೇನೆ. ವಿಂಡೋಸ್‌ನಲ್ಲಿ ರಿಲಯಬಿಲಿಟಿ ಹಿಸ್ಟರಿ ಎಂದು ಹುಡುಕಿದರೆ ಒಂದು ಪಟ್ಟಿ ತೆರೆಯುತ್ತದೆ. ಯಾವ ದಿನ, ಎಷ್ಟು ಗಂಟೆಗೆ ಏನು ನಿಂತಿತು ಎಂಬುದು ಕೆಂಪು ಗುರುತಿನೊಂದಿಗೆ ದಿನದ ಲೆಕ್ಕದಲ್ಲಿ ಅಲ್ಲಿರುತ್ತದೆ. ನಮ್ಮ ಜರ್ನಲ್ ಇದ್ದಂತೆಯೇ. ನಾಲ್ಕನೆಯ ದಿನದ ಆ ನಮೂದು ಅಂಗಡಿಯವರ ಮುಂದೆ ಇಡಬಹುದಾದ ಸಾಕ್ಷಿಯಾಗಿತ್ತು. ಫಾರ್ಮ್ಯಾಟ್ ಮಾಡಿ ನಾವೇ ಅದನ್ನು ಅಳಿಸಿದ್ದೆವು. ಕಸಿನ್‌ಗಳ ಒಳ್ಳೆಯ ಮನಸ್ಸಿನ ಬಗ್ಗೆ ನನಗೆ ಅನುಮಾನವಿಲ್ಲ, ಆದರೆ ಹೊಸ ಲ್ಯಾಪ್‌ಟಾಪಿನ ಹತ್ತಿರ ಅವರನ್ನು ಮೊದಲ ವಾರ ಬಿಡಬೇಡಿ. ನೀಲಿ ಪರದೆ ಬಂದರೆ ಫೋನಿನಲ್ಲಿ ಫೋಟೋ ತೆಗೆಯಿರಿ, ದಿನಾಂಕ, ಸಮಯ, ಆಗ ಏನು ಮಾಡುತ್ತಿದ್ದಿರಿ ಎಂದು ಬರೆದಿಡಿ.

ಬಿಲ್ಲಿನ ವಿಷಯ ನಮ್ಮ ವಿಭಾಗದವರಿಗೆ ಬೇರೆ ಹೇಳಬೇಕಿಲ್ಲ, ಆದರೂ ಹೇಳುತ್ತೇನೆ. ಲ್ಯಾಪ್‌ಟಾಪ್ ಮೇಲೆ ಜಿಎಸ್‌ಟಿ ಶೇಕಡಾ 18. ‘ಬಿಲ್ ಬೇಡ ಎಂದರೆ ಕಡಿಮೆ ಮಾಡುತ್ತೇವೆ’ ಎಂಬ ಮಾತಿಗೆ ಮನೆಯವರು ಒಪ್ಪಿದರೆ ತಡೆಯಿರಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿ. ವ್ಯವಹಾರ ಅಧ್ಯಯನದಲ್ಲಿ ಗ್ರಾಹಕರ ಆರು ಹಕ್ಕುಗಳನ್ನು ನಾವು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವಿನ ಬಗ್ಗೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಕರೆ ಮಾಡಿ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು. ಅಂದರೆ ಏಳು ದಿನ ಮುಗಿದರೆ ಎಲ್ಲ ಬಾಗಿಲೂ ಮುಚ್ಚಿತು ಎಂದಲ್ಲ. ಸುಲಭದ ಬಾಗಿಲು ಮುಚ್ಚಿರುತ್ತದೆ ಅಷ್ಟೆ.

ಹುಡುಗಿಯರಿಗೆ ಇನ್ನೊಂದು ತೊಂದರೆ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ರಿಪೇರಿ ಅಂಗಡಿಯಲ್ಲಿ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟು ಬರಬೇಕು. ಮನೆಯ ಮದುವೆಯ ಫೋಟೋ, ಅಕ್ಕನ ವಿಡಿಯೋ ಎಲ್ಲ ಅದರಲ್ಲಿ. ಅದಕ್ಕೆ ಹೆದರಿ ಕೆಟ್ಟ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟವರನ್ನು ನಾನು ಬಲ್ಲೆ. ಕೊಡಲೇಬೇಕಾದರೆ ಫೋಟೋಗಳನ್ನು ಪೆನ್‌ಡ್ರೈವ್‌ಗೆ ತೆಗೆದುಕೊಂಡು ಅಲ್ಲಿಂದ ಅಳಿಸಿ, ಸ್ವಂತ ಪಾಸ್‌ವರ್ಡ್ ಕೊಡದೆ ಬೇರೆ ಖಾತೆ ಮಾಡಿಕೊಡಿ. ಲ್ಯಾಪ್‌ಟಾಪ್ ತಾನೇ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ, ಅದನ್ನು ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

ಕಾಲೇಜಿಗೆ ನನ್ನದೊಂದು ಕೋರಿಕೆ. ಶುಕ್ರವಾರ ಜುಮಾ ಬಿಡುವಿನಲ್ಲಿ ನಾವು ಹುಡುಗಿಯರು ಲ್ಯಾಬ್ ಮುಂದಿನ ಕಟ್ಟೆಯ ಮೇಲೆ ಸುಮ್ಮನೆ ಕೂತಿರುತ್ತೇವೆ. ಆ ಒಂದು ಗಂಟೆ ಲ್ಯಾಬ್ ತೆರೆದು, ಹೊಸದಾಗಿ ತಂದ ಲ್ಯಾಪ್‌ಟಾಪ್‌ಗಳನ್ನು ಪರೀಕ್ಷಿಸಿ ನೋಡಲು ಬಿಡಿ. ಕಂಪ್ಯೂಟರ್ ಸೈನ್ಸ್‌ನ ಇಬ್ಬರು ಸೀನಿಯರ್‌ಗಳು ಒಪ್ಪಿದ್ದಾರೆ, ಮೇಡಂ ಒಬ್ಬರು ಕೂತರೆ ಸಾಕು. ಹುಡುಗರಿಗೆ ಶನಿವಾರ ಮಾಡಬಹುದು. ರಿಪೇರಿ ಬೇಡ, ಸ್ಕ್ರೂ ಬಿಚ್ಚುವುದೂ ಬೇಡ. ‘ಇದು ಯಂತ್ರದ ದೋಷ, ನಾಳೆಯೇ ಅಂಗಡಿಗೆ ಹೋಗಿ’ ಎಂದು ಒಂದು ಚೀಟಿ ಬರೆದುಕೊಟ್ಟರೆ ಮನೆಯಲ್ಲಿ ಅದನ್ನು ತೋರಿಸಬಹುದು. ಮಗಳ ಮಾತಿಗಿಂತ ಕಾಲೇಜಿನ ಚೀಟಿಗೆ ನಮ್ಮ ಮನೆಗಳಲ್ಲಿ ತೂಕ ಜಾಸ್ತಿ, ಏನು ಮಾಡುವುದು.

ಪ್ರಾಂಶುಪಾಲರಿಗೆ ಕೊಡುವ ಮನವಿ ಲೈಬ್ರರಿ ಮೇಜಿನ ಮೇಲಿದೆ. ಇದುವರೆಗೆ ಮೂವತ್ತೊಂದು ಸಹಿ ಆಗಿವೆ. ಬರುವವರು ಪೆನ್ನು ತನ್ನಿ, ಅಲ್ಲಿಟ್ಟದ್ದು ಎರಡನೆಯ ದಿನವೇ ಕಾಣೆಯಾಯಿತು.